ಬರ್ಕೊಂಡು ಹೋದವರು ಹೊಳ್ಳಿ ಬಂದರಾ?

ಇವತ್ತು ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ.

ಹನ್ನೆರಡು ವರ್ಷದ ಹಿಂದಿನ ಮಾತು. ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿ ಬಾಣಂತಿ ತೀರಿಹೋದ ಸುದ್ದಿ ಬಂತು. ವಯಸ್ಸು ಇಪ್ಪತ್ತೆರಡು. ಆಗ ನಾನು ರಾತ್ರಿ ಒಂಬತ್ತರ ಬುಲೆಟಿನ್ ಓದ್ತಿದ್ದೆ. ಸುದ್ದಿ ಮೂರು ಸಾಲು, ನನ್ನ ಭಾಷಣ ಎರಡೂವರೆ ನಿಮಿಷ. ಮೂಢನಂಬಿಕೆ ಅಂದೆ, ಅಜ್ಞಾನ ಅಂದೆ, ಆಸ್ಪತ್ರೆಗೆ ಹೋಗೋಕೆ ಇವರಿಗೆ ಇನ್ನೂ ಯಾವ ಶುಭ ಮುಹೂರ್ತ ಬೇಕು ಅಂತ ಕ್ಯಾಮೆರಾ ನೋಡಿ ಕೇಳಿದೆ. ಸ್ಟುಡಿಯೋದಲ್ಲಿ ಎಲ್ಲರೂ ಬೆನ್ನು ತಟ್ಟಿದ್ರು. ಮರುದಿನ ಬೆಳಿಗ್ಗೆ ನಮ್ಮ ಕೊಪ್ಪಳದ ವರದಿಗಾರ ಫೋನ್ ಮಾಡಿದ. ‘ಸರ್ರ, ಆ ಮಂದಿ ಮನ್ಯಾಗ ಕುಂತಿದ್ದಿಲ್ರಿ. ಒಂದ ರಾತ್ರ್ಯಾಗ ಮೂರು ಕಡೆ ತಿರುಗ್ಯಾರ್ರಿ. ಎಲ್ಲಾ ಕಡೆ ಮುಂದಕ್ ಹೋಗ್ರಿ, ಮುಂದಕ್ ಹೋಗ್ರಿ ಅಂದಾರ.’ ನಾನು ಹೌದಾ ಅಂದೆ. ಫೋನ್ ಇಟ್ಟೆ. ತಿದ್ದುಪಡಿ ಹಾಕಲಿಲ್ಲ.

ನಾನೇನು ಹೊರಗಿನವನಾ? ಕುಷ್ಟಗಿ ತಾಲೂಕಿನವನೇ. ನನಗೆ ಆ ಊರಿನ ರಸ್ತೆ ಗೊತ್ತು, ಬಸ್ಸಿನ ವೇಳೆ ಗೊತ್ತು, ರಾತ್ರಿ ಹತ್ತರ ಮೇಲೆ ಏನೂ ಸಿಗಲ್ಲ ಅನ್ನೋದೂ ಗೊತ್ತು. ಆದರೂ ಹಾಗೆ ಮಾತಾಡಿದೆ. ಯಾಕೆ ಅಂದ್ರೆ ನಮ್ಮ ಜನರೇ ದಡ್ಡರು ಅನ್ನೋ ಮಾತು ಟಿವಿಯಲ್ಲಿ ಬಹಳ ಸಲೀಸಾಗಿ ಓಡುತ್ತೆ.

ಈಗ ಇದೆಲ್ಲ ಯಾಕೆ ಅಂತೀರಾ? ಮೊನ್ನೆ ಬೇರೆ ಯಾವುದೋ ಕಾರ್ಯಕ್ರಮಕ್ಕೆ ಓದ್ತಾ ಕೂತಿದ್ದಾಗ ನಮ್ಮ ಜಿಲ್ಲೆಯ ಹೆಸರಿರೋ ಸಂಶೋಧನಾ ಲೇಖನಗಳು ಕೈಗೆ ಸಿಕ್ಕವು. ಒಂದಲ್ಲ, ಸಾಲು ಸಾಲು. ಅದರಲ್ಲೊಂದು 2007ರದು. ಕೊಪ್ಪಳ ಜಿಲ್ಲೆಯಲ್ಲಿ ತಾಯಂದಿರ ಸಾವು ಯಾಕೆ ನಿಲ್ಲುತ್ತಿಲ್ಲ ಅನ್ನೋದೇ ಅದರ ವಿಷಯ. ನಾನು ಸ್ಟುಡಿಯೋದಲ್ಲಿ ಕೂತು ಬೈದಿದ್ದಕ್ಕಿಂತ ಎಷ್ಟೋ ವರ್ಷ ಮೊದಲೇ ಅಚ್ಚಾಗಿತ್ತು. ಆ ರಾತ್ರಿ ಅದು ನನ್ನ ಮೇಜಿನ ಮೇಲಿದ್ದಿದ್ದರೆ ಎರಡೂವರೆ ನಿಮಿಷ ಹಾಗೆ ಮಾತಾಡೋಕೆ ನನಗೆ ಬಾಯಿ ಬರ್ತಿರಲಿಲ್ಲ.

ಅದರ ಕಥೆಗೆ ಬರ್ತೀನಿ. ಅದಕ್ಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಭಾಗದ ಜನರನ್ನ ಅಳೆದದ್ದು, ತೂಗಿದ್ದು, ಪ್ರಶ್ನೆ ಕೇಳಿದ್ದು ಇವತ್ತು ನಿನ್ನೆಯದಲ್ಲ.

1877. ನಮ್ಮ ಹಿರಿಯರು ಹೇಳ್ತಿದ್ದರಲ್ಲ, ಆ ದೊಡ್ಡ ಬರದ ಕಾಲ. ತುಂಗಭದ್ರೆಯ ಈ ದಡದಲ್ಲಿ ನಿಜಾಮರ ರಾಜ್ಯ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ಆ ದಡದ ಬಳ್ಳಾರಿ ಬ್ರಿಟಿಷರ ಮದರಾಸು ಪ್ರಾಂತ್ಯ. ಎರಡೂ ಕಡೆ ಜನ ಸಾಯ್ತಿದ್ರು. ಖರ್ಚು ಕಡಿಮೆ ಮಾಡಿ ಅಂತ ಸರ್ಕಾರ ಸರ್ ರಿಚರ್ಡ್ ಟೆಂಪಲ್ ಎಂಬಾತನನ್ನ ಕಳಿಸಿತು. ಆತ ಬಂದು ಬರ ಕಾಮಗಾರಿಯಲ್ಲಿ ಕಲ್ಲು ಒಡೆಯೋ ಗಂಡಾಳಿಗೆ ದಿನಕ್ಕೆ 1 ಪೌಂಡ್ ಧಾನ್ಯ, ಅಂದ್ರೆ ಅರ್ಧ ಕೆಜಿಗೂ ಕಡಿಮೆ, ಮೇಲೆ ಚೂರು ಕಾಸು ಸಾಕು ಅಂದ. ಇದೊಂದು ಪ್ರಯೋಗ, ಮಾಡಿ ನೋಡೋಣ ಅಂತಲೇ ಜಾರಿಗೆ ತಂದರು. ಯಾರ ಮೇಲೆ ಪ್ರಯೋಗ? ಆಗಲೇ ಎಲುಬು ಕಾಣ್ತಿದ್ದವರ ಮೇಲೆ. ಮದರಾಸಿನ ಸ್ಯಾನಿಟರಿ ಕಮಿಷನರ್ ಡಾಕ್ಟರ್ ಕಾರ್ನಿಶ್ ಮಾತ್ರ ಸುಮ್ಮನಿರಲಿಲ್ಲ. ಇಷ್ಟು ತಿಂದು ಮನುಷ್ಯ ದುಡಿಯೋಕಾಗಲ್ಲ ಅಂತ ಲೆಕ್ಕ ಹಾಕಿ ಜಗಳ ಮಾಡಿದ. ಕೆಲವು ತಿಂಗಳ ಮೇಲೆ ಕೂಲಿ ಏರಿಸಿದರು. ಪ್ರಯೋಗದ ಫಲಿತಾಂಶ ಅಷ್ಟರಲ್ಲಿ ಮಣ್ಣಲ್ಲಿತ್ತು.

ಇಪ್ಪತ್ತು ವರ್ಷ ಬಿಟ್ಟು ಪ್ಲೇಗ್ ಬಂತು. ಹಾಫ್ಕಿನ್ ಅನ್ನೋ ವಿಜ್ಞಾನಿ ಮುಂಬೈನಲ್ಲಿ ಲಸಿಕೆ ತಯಾರು ಮಾಡಿದ. 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡ; ಆತನ ದೊಡ್ಡತನ ಅದು. ಆಮೇಲೆ ಚುಚ್ಚಿದ್ದು ಬೈಕುಲ್ಲಾ ಜೈಲಿನ ಕೈದಿಗಳಿಗೆ. ಸ್ವಇಚ್ಛೆಯಿಂದ ಬಂದವರು ಅಂತ ದಾಖಲೆ ಹೇಳುತ್ತೆ. ಜೈಲಿನೊಳಗಿನ ಸ್ವಇಚ್ಛೆ ಎಷ್ಟು ದೊಡ್ಡದು ಅಂತ ನೀವೇ ಯೋಚನೆ ಮಾಡಿ. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಡಾಕ್ಟರು ಊರಿನ ಹೆಚ್ಚುಪಾಲು ಜನಕ್ಕೆ ಲಸಿಕೆ ಹಾಕಿ, ಹಾಕಿಸಿಕೊಂಡವರಲ್ಲಿ ಎಷ್ಟು ಸಾವು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಅಂತ ಪಟ್ಟಿ ಮಾಡಿದ. ಹುಬ್ಬಳ್ಳಿಯ ಆ ಅಂಕಿಗಳು ವೈದ್ಯ ಜಗತ್ತಿನಲ್ಲೆಲ್ಲ ಓಡಾಡಿದವು. ಲಸಿಕೆ ಜೀವ ಉಳಿಸಿತು, ನಿಜ. ಆದರೆ ಒಪ್ಪಿಗೆ ಅನ್ನೋ ಪದ ಆಗ ಯಾರ ಬಾಯಲ್ಲೂ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲಿನ ಒಂದು ಕಥೆ ಹೇಳಲೇಬೇಕು, ನಗು ಬರುತ್ತೆ. 1952. ಜನಸಂಖ್ಯೆ ಜಾಸ್ತಿ ಆಯ್ತು ಅಂತ ದೆಹಲಿಗೆ ಚಿಂತೆ. ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಅಬ್ರಹಾಂ ಸ್ಟೋನ್ ಅನ್ನೋ ಅಮೆರಿಕದ ಡಾಕ್ಟರ್ ಬಂದ. ಸುರಕ್ಷಿತ ದಿನ ನೋಡಿಕೊಂಡು ಸಂಸಾರ ಮಾಡಿ ಅನ್ನೋದು ಯೋಜನೆ. ಪ್ರಯೋಗಕ್ಕೆ ಆರಿಸಿದ ಊರುಗಳಲ್ಲಿ ಒಂದು ನಮ್ಮ ರಾಮನಗರ. ಹೆಣ್ಣುಮಕ್ಕಳಿಗೆ ದಿನ ಎಣಿಸೋಕೆ ಬಣ್ಣದ ಮಣಿಸರ ಕೊಟ್ಟರು. ಒಂದು ಬಣ್ಣ ಸುರಕ್ಷಿತ ದಿನಕ್ಕೆ, ಇನ್ನೊಂದು ಅಪಾಯದ ದಿನಕ್ಕೆ, ದಿನಕ್ಕೊಂದು ಮಣಿ ಸರಿಸಬೇಕು. ಕೆಲವರು ಮಣಿ ಸರಿಸೋದು ಮರೆತರು. ಕೆಲವರು ಸರ ಕೊರಳಲ್ಲಿದ್ದರೆ ಸಾಕು, ತಾಯಿತದ ಹಾಗೆ ಕಾಯುತ್ತೆ ಅಂದುಕೊಂಡರು. ಪ್ರಯೋಗ ನೆಲಕಚ್ಚಿತು. ಎಲ್ಲೋ ಕೂತು ಯೋಚನೆ ಮಾಡಿದವರು ರಾಮನಗರದ ಮನೆಯ ಕತ್ತಲಲ್ಲಿ ಮಣಿ ಎಣಿಸೋದು ಹೇಗೆ ಅಂತ ಅಲ್ಲಿನ ಹೆಂಗಸರನ್ನ ಮೊದಲೇ ಕೇಳಿದ್ದಿದ್ದರೆ ಸಾಕಿತ್ತು.

ಇದಕ್ಕೆ ತದ್ವಿರುದ್ಧವಾದದ್ದು ಅದಾಗಿ ಹತ್ತೇ ವರ್ಷಕ್ಕೆ ತುಮಕೂರು ಜಿಲ್ಲೆಯಲ್ಲಿ ನಡೀತು. ನನ್ನ ಪ್ರಕಾರ ಕನ್ನಡ ನೆಲದಲ್ಲಿ ನಡೆದ ಅತಿ ದೊಡ್ಡ ಆರೋಗ್ಯ ಸಂಶೋಧನೆಗಳಲ್ಲಿ ಅದೊಂದು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯ್ತು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರಿನ ಹಳ್ಳಿಗಳಿಗೆ ಹೋಗಿ, ಕ್ಷಯ ಇರೋರನ್ನ ಹುಡುಕಿ ಒಂದು ಸರಳ ಪ್ರಶ್ನೆ ಕೇಳಿದರು: ನಿಮಗೆ ರೋಗ ಇದೆ ಅಂತ ಅನ್ನಿಸಿತ್ತಾ, ಅನ್ನಿಸಿದ್ದರೆ ಏನು ಮಾಡಿದ್ರಿ? ಅಲ್ಲಿಯವರೆಗೆ ದೊಡ್ಡವರೆಲ್ಲ ನಂಬಿದ್ದು ಏನು? ಹಳ್ಳಿಯವನಿಗೆ ತಿಳುವಳಿಕೆ ಇಲ್ಲ, ಎಕ್ಸ್‌ರೇ ವ್ಯಾನ್ ತಗೊಂಡು ನಾವೇ ಮನೆ ಬಾಗಿಲಿಗೆ ಹೋಗಿ ಹಿಡಿಯಬೇಕು ಅಂತ. 1963ರಲ್ಲಿ ಪ್ರಕಟವಾದ ಉತ್ತರ ಬೇರೆಯೇ ಆಗಿತ್ತು. ಹೆಚ್ಚಿನವರಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಅನ್ನೋದು ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆ ಬಾಗಿಲು ತಟ್ಟಿ ಬಂದಿದ್ದರು! ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿ ಬಾಟಲಿ. ಕಫ ಪರೀಕ್ಷೆ ಮಾಡಿದವರಿಲ್ಲ.

ಅಂದ್ರೆ ಜನ ಬಂದಿದ್ದರು. ಬಾಗಿಲು ತೆರೆಯಲಿಲ್ಲ. ಈ ಮಾತನ್ನ ಒಂದು ಕಡೆ ಇಟ್ಟುಕೊಂಡು ಈಗ ಕೊಪ್ಪಳಕ್ಕೆ ಬನ್ನಿ.

1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆಯ್ತು. ನಾಲ್ಕು ತಾಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಕನಕಗಿರಿ, ಕಾರಟಗಿ, ಕುಕನೂರು ಆಮೇಲೆ ಬಂದವು. ನಾಲ್ಕರಲ್ಲಿ ಗಂಗಾವತಿ ಬೇರೆಯೇ ಲೋಕ. ತುಂಗಭದ್ರಾ ಎಡದಂಡೆ ಕಾಲುವೆ, ಭತ್ತ, ರೈಸ್‌ಮಿಲ್ಲು. ಕುಷ್ಟಗಿ, ಯಲಬುರ್ಗಾ ಮಳೆ ನೋಡಿ ಬದುಕೋ ನೆಲ, ಬೋರ್‌ವೆಲ್ ಕೊರೆದರೆ ಫ್ಲೋರೈಡ್. ನಮ್ಮ ಕಡೆ ನಾಟಿಗೆ ಅಂತ ಗಂಗಾವತಿಗೆ ಹೆಣ್ಣಾಳು ಹೋಗ್ತಿದ್ದವು, ಈಗಲೂ ಹೋಗ್ತವೆ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲೂಕು ಅಳೆದು 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂದಾಗ ಆ 39ರಲ್ಲಿ ಕುಷ್ಟಗಿ, ಯಲಬುರ್ಗಾ ಎರಡೂ ಇದ್ದವು. ಪತ್ರಿಕೆಯಲ್ಲಿ ಆ ಪಟ್ಟಿ ನೋಡಿದಾಗ ನನಗೆ ನಾಚಿಕೆ ಆಗಿತ್ತು. ಯಾಕೆ ನಾಚಿಕೆ ಆಗಬೇಕಿತ್ತೋ, ಈಗ ಯೋಚನೆ ಮಾಡಿದ್ರೆ ಕೋಪ ಬರಬೇಕಿತ್ತು.

ಅದೇ ಹೊತ್ತಿಗೆ ಬೆಂಗಳೂರಿನ ಐಐಎಂನಿಂದ ಪ್ರೊಫೆಸರ್ ಗೀತಾ ಸೇನ್ ಅವರ ತಂಡ ಕೊಪ್ಪಳಕ್ಕೆ ಬಂತು. ಎಂಬಿಎ ಹೇಳಿಕೊಡೋ ಸಂಸ್ಥೆಗೂ ನಮ್ಮ ಬಾಣಂತಿಗೂ ಏನು ಸಂಬಂಧ ಅಂತ ಯಾರಿಗಾದರೂ ಅನ್ನಿಸಬಹುದು. ಅವರು ನೋಡಹೊರಟಿದ್ದು ಆರೋಗ್ಯದಲ್ಲಿ ಹೆಣ್ಣು–ಗಂಡು, ಜಾತಿ, ಬಡತನ ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಅನ್ನೋದನ್ನ. 60 ಹಳ್ಳಿ, 1,920 ಮನೆ. ಮನೆಯಲ್ಲಿ ಯಾರಿಗೆ ಕಾಯಿಲೆ ಬಂತು, ಯಾರನ್ನ ಆಸ್ಪತ್ರೆಗೆ ಕರೆದುಕೊಂಡು ಹೋದರು, ಯಾರ ಚಿಕಿತ್ಸೆ ಅರ್ಧಕ್ಕೆ ನಿಂತಿತು ಅಂತ ಕೇಳ್ತಾ ಹೋದರು. ಅದಿತಿ ಅಯ್ಯರ್ ಅವರ ಪಿಎಚ್‌ಡಿ ಪ್ರಬಂಧ ಇದರಿಂದಲೇ ಬಂತು. ರೊಕ್ಕ ಕಡಿಮೆ ಬಿದ್ದಾಗ ಒಂದು ಬಡ ಮನೆ ಚಿಕಿತ್ಸೆಯನ್ನ ರೇಷನ್ ಹಂಚಿದ ಹಾಗೆ ಹಂಚುತ್ತೆ, ಆ ಸಾಲಿನಲ್ಲಿ ಬಡ ಹೆಣ್ಣುಮಗಳು ಕೊನೆಗೆ ನಿಲ್ತಾಳೆ ಅನ್ನೋದನ್ನ ಅಂಕಿಯಲ್ಲಿ ತೋರಿಸಿದರು. ನಮ್ಮ ಅವ್ವಂದಿರಿಗೆ ಇದು ಗೊತ್ತಿರಲಿಲ್ವಾ? ಗೊತ್ತಿತ್ತು. ಆದರೆ ಅವ್ವನ ಮಾತು ಬಜೆಟ್ ಮಂಡಿಸೋರ ಕಿವಿಗೆ ಬೀಳಲ್ಲ, ಕೋಷ್ಟಕ ಬೀಳುತ್ತೆ.

ಅದೇ ತಂಡದ ಆಶಾ ಜಾರ್ಜ್ ಬರೆದದ್ದು ನಾನು ಮೊದಲು ಹೇಳಿದ 2007ರ ಲೇಖನ. ಆಗ ಕರ್ನಾಟಕದಲ್ಲಿ ಲಕ್ಷ ಜೀವಂತ ಹೆರಿಗೆಗೆ 228 ತಾಯಂದಿರ ಸಾವು, ದಕ್ಷಿಣದಲ್ಲೇ ಅತಿ ಹೆಚ್ಚು. ಯಾಕೆ ಅಂತ ಅವರು ಆಸ್ಪತ್ರೆ, ಸಬ್‌ಸೆಂಟರ್‌ಗಳ ಒಳಗೆ ಹೋಗಿ ನೋಡಿದರು. ಕಂಡಿದ್ದು ಐದು ಗಂಟು. ಸಾವಿನ, ಕಾಯಿಲೆಯ ಮಾಹಿತಿ ಸರಿಯಾಗಿ ದಾಖಲಾಗೋದೇ ಇಲ್ಲ. ಬಸುರಿ ಇದ್ದಾಗ ನೋಡಿದವರು ಹೆರಿಗೆಗೆ ಇಲ್ಲ, ಹೆರಿಗೆ ಮಾಡಿಸಿದವರು ಆಮೇಲೆ ಇಲ್ಲ, ಆರೈಕೆಯ ಕೊಂಡಿ ನಡುನಡುವೆ ಕಡಿದಿದೆ. ಊರಲ್ಲಿ ಕೆಲಸ ಮಾಡೋ ನರ್ಸಮ್ಮನ ಬೆನ್ನಿಗೆ ಯಾರೂ ಇಲ್ಲ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸೋದು ಅಡ್ಡಾದಿಡ್ಡಿ. ಅಲ್ಲಿ ಡಾಕ್ಟರ್ ಇದ್ದಾರಾ, ರಕ್ತ ಇದೆಯಾ ಅಂತ ಕೇಳದೇ ಚೀಟಿ ಬರೆದು ಕಳಿಸ್ತಾರೆ. ಕೊನೆಗೆ, ಯಾರು ಯಾರಿಗೆ ಜವಾಬು ಕೊಡಬೇಕು ಅನ್ನೋದೇ ತಲೆಕೆಳಗಾಗಿದೆ. ಇದೇ ಜಿಲ್ಲೆಯ ಆರೋಗ್ಯ ಸಿಬ್ಬಂದಿ ಬಗ್ಗೆ ಬರೆದ ತಮ್ಮ ಪಿಎಚ್‌ಡಿ ಪ್ರಬಂಧಕ್ಕೆ ಅವರು ಇಟ್ಟ ಹೆಸರಿನ ಅರ್ಥ ಏನು ಗೊತ್ತಾ? ಘೋರವಾದದ್ದೇ ಮಾಮೂಲಾಗಿ ಹೋದದ್ದು, ಅಂತ.

ಇನ್ನೊಂದು ಲೇಖನ 2013ರದು. ಬಾಣಂತಿ ಸತ್ತ ಮೇಲೆ ಮನೆಯವರನ್ನ, ಕೂಡ ಹೋದವರನ್ನ, ನರ್ಸನ್ನ ಕೂರಿಸಿ ಏನಾಯ್ತು ಅಂತ ಕೇಳಿ ಸಾವಿನ ಕಾರಣ ಹುಡುಕೋ ಪದ್ಧತಿ ಇದೆ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಕುರೊಸಾವನ ‘ರಶೋಮಾನ್’ ಸಿನಿಮಾದ ಹಾಗೆ. ನಮ್ಮವರಿಗೆ ‘ಉಳಿದವರು ಕಂಡಂತೆ’ ಅಂದ್ರೆ ಬೇಗ ತಿಳಿಯುತ್ತೆ. ಆ ಲೇಖನದ ಶೀರ್ಷಿಕೆಯಲ್ಲೇ ರಶೋಮಾನ್ ಇದೆ. ಯಾರೊಬ್ಬರ ಮಾತನ್ನೂ ಬಿಸಾಡದೆ, ಯಾರೊಬ್ಬರ ಮಾತನ್ನೇ ಪೂರ್ತಿ ನಂಬದೆ, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡೋದು ಹೇಗೆ ಅಂತ ಅದರಲ್ಲಿ ಹೇಳಿದ್ದಾರೆ. ಆ ರಾತ್ರಿ ನಾನು ಮಾಡಬೇಕಿದ್ದ ಕೆಲಸ ಅದು. ಪತ್ರಕರ್ತ ಅಂತ ಸಂಬಳ ತಗೊಳ್ತಿದ್ದವನು ನಾನು, ಮಾಡಿದವರು ಅವರು.

ಸರಿ, ಇಷ್ಟೆಲ್ಲ ಕೇಳೋಕೆ, ಬರೆಯೋಕೆ ಅನುಮತಿ ಕೊಡೋರು ಯಾರು? ಎರಡನೇ ಮಹಾಯುದ್ಧದಲ್ಲಿ ನಾಜಿ ಡಾಕ್ಟರುಗಳು ಮಾಡಿದ ಪ್ರಯೋಗಗಳ ಮೇಲೆ 1947ರಲ್ಲಿ ನ್ಯೂರೆಂಬರ್ಗ್‌ನಲ್ಲಿ ತೀರ್ಪು ಬಂತು. ಮನುಷ್ಯನ ಒಪ್ಪಿಗೆ ಇಲ್ಲದೆ ಪ್ರಯೋಗ ಇಲ್ಲ ಅನ್ನೋ ನಿಯಮ ಹುಟ್ಟಿತು. ನಮ್ಮಲ್ಲಿ ಐಸಿಎಂಆರ್ ಮೊದಲ ನೀತಿ ಹೇಳಿಕೆ ತಂದದ್ದು 1980ರಲ್ಲಿ, ಆಮೇಲೆ 2000, 2006, 2017ರಲ್ಲಿ ಮಾರ್ಗಸೂಚಿ. ಔಷಧಿಯ ಕ್ಲಿನಿಕಲ್ ಟ್ರಯಲ್ ಆದ್ರೆ 2009ರಿಂದ ಸರ್ಕಾರದ ರಿಜಿಸ್ಟರ್‌ನಲ್ಲಿ ದಾಖಲು ಮಾಡೋದು ಕಡ್ಡಾಯ. ಆದರೆ ಮನೆಮನೆಗೆ ಬಂದು ಪ್ರಶ್ನೆ ಕೇಳೋ ಸಮೀಕ್ಷೆ, ಸಮಾಜ ವಿಜ್ಞಾನದ ಅಧ್ಯಯನ? ಅದಕ್ಕೆ ಆಯಾ ಸಂಸ್ಥೆಯ ನೈತಿಕ ಸಮಿತಿ. ಸಮಿತಿ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತಿರುತ್ತೆ. ಈ ಜಿಲ್ಲೆಯಲ್ಲಿ ಯಾರ್ಯಾರು ಏನೇನು ಕೇಳಿದರು ಅಂತ ಒಂದೇ ಕಡೆ ಇಡೋ ಕಡ್ಡಾಯ ಪಟ್ಟಿ ನಮ್ಮಲ್ಲಿಲ್ಲ.

ಆಫ್ರಿಕಾದ ಕೆಲವು ದೇಶಗಳಲ್ಲಿ ಇದೆ. ಉಗಾಂಡಾದಲ್ಲಿ 1990ರ ಕಾಯ್ದೆಯಿಂದ ಬಂದ ರಾಷ್ಟ್ರೀಯ ಮಂಡಳಿ ಇದೆ. ದೇಶದೊಳಗೆ ಸಂಶೋಧನೆ ಮಾಡೋರು ಅಲ್ಲಿ ಹೆಸರು ಹಚ್ಚಬೇಕು. ಮಲಾವಿ ಅಂತ ಪುಟ್ಟ ದೇಶ, ನಮ್ಮ ಕರ್ನಾಟಕದ ಮೂರನೇ ಒಂದು ಪಾಲಿನಷ್ಟು ಜನ. ಅಲ್ಲಿ ಆರೋಗ್ಯಕ್ಕೆ ಒಂದು ರಾಷ್ಟ್ರೀಯ ಸಮಿತಿ, ಸಮಾಜ ವಿಜ್ಞಾನಕ್ಕೆ ಇನ್ನೊಂದು. ಆಫ್ರಿಕಾ ಪೆಟ್ಟನ್ನೂ ತಿಂದಿದೆ. 1996ರಲ್ಲಿ ನೈಜೀರಿಯಾದ ಕಾನೋ ಊರಿನಲ್ಲಿ ಮೆದುಳು ಜ್ವರ ಹಬ್ಬಿತ್ತು. ಫೈಜರ್ ಕಂಪನಿ 200 ಮಕ್ಕಳ ಮೇಲೆ ಔಷಧಿ ಪರೀಕ್ಷೆ ಮಾಡಿತು, ನೂರು ಮಕ್ಕಳಿಗೆ ಹೊಸದು, ನೂರಕ್ಕೆ ಹಳೆಯದು. 11 ಮಕ್ಕಳು ತೀರಿಕೊಂಡರು. ಸಾವು ರೋಗದಿಂದ ಅಂತ ಕಂಪನಿ ವಾದಿಸಿತು. ಆದರೆ ನೈತಿಕ ಸಮಿತಿಯ ಅನುಮತಿ ಪತ್ರ ಅಂತ ತೋರಿಸಿದ್ದು ಹಿಂದಿನ ತಾರೀಕು ಹಾಕಿ ಆಮೇಲೆ ತಯಾರಿಸಿದ್ದು ಅನ್ನೋದು ಬಯಲಾಯ್ತು. ಆಗ ಆ ಆಸ್ಪತ್ರೆಯಲ್ಲಿ ಅಂಥ ಸಮಿತಿಯೇ ಇರಲಿಲ್ಲ! 2009ರಲ್ಲಿ 75 ಮಿಲಿಯನ್ ಡಾಲರ್ ಕೊಟ್ಟು ರಾಜಿ ಆದರು.

ದಕ್ಷಿಣ ಆಫ್ರಿಕಾದ ಸ್ಯಾನ್ ಬುಡಕಟ್ಟಿನವರು ಇನ್ನೂ ಮುಂದೆ ಹೋದರು. ಅವರ ರಕ್ತ, ವಂಶವಾಹಿ, ಗಿಡಮೂಲಿಕೆ ಜ್ಞಾನ ಎಲ್ಲ ಒಯ್ದವರಿಗೆ ಲೆಕ್ಕವಿಲ್ಲ. ಸಾಕಾಗಿ 2017ರಲ್ಲಿ ತಾವೇ ಒಂದು ನೀತಿಸಂಹಿತೆ ಹೊರಡಿಸಿದರು: ನಮ್ಮಲ್ಲಿಗೆ ಬರೋ ಸಂಶೋಧಕರು ಹೀಗೆ ನಡ್ಕೋಬೇಕು, ನಮಗೆ ಅರ್ಥವಾಗೋ ಮಾತಿನಲ್ಲಿ ಹೇಳಬೇಕು, ಕೊಟ್ಟ ಮಾತು ಉಳಿಸ್ಕೋಬೇಕು ಅಂತ.

ಸಂಶೋಧನೆಯೇ ಬೇಡ ಅಂತಿದ್ದೀನಾ? ಖಂಡಿತ ಇಲ್ಲ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದವರ ಜೊತೆ ಸೇರಿ 1,620 ಬಾಣಂತಿಯರ ಮೇಲೆ ಒಂದು ಅಧ್ಯಯನ ಮಾಡಿದರು. ಅರ್ಧ ಜನಕ್ಕೆ ಮಿಸೊಪ್ರೊಸ್ಟಾಲ್ ಗುಳಿಗೆ, ಇನ್ನರ್ಧಕ್ಕೆ ಬರೀ ತೋರಿಕೆಯ ಗುಳಿಗೆ. ಹೆರಿಗೆ ನಂತರದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ತೋರಿಕೆಯ ಗುಳಿಗೆ ನುಂಗಿದ ತಾಯಂದಿರ ವಿಷಯ ನನಗೆ ಇವತ್ತಿಗೂ ಮನಸ್ಸಿಗೆ ಚುಚ್ಚುತ್ತೆ. ಮನೆ ಹೆರಿಗೆಯಲ್ಲಿ ನರ್ಸಮ್ಮನ ಕೈಯಲ್ಲಿ ಆಗ ಯಾವ ಔಷಧಿಯೂ ಇರುತ್ತಿರಲಿಲ್ಲ, ಹಾಗಾಗಿ ಯಾರಿಂದಲೂ ಏನನ್ನೂ ಕಿತ್ತುಕೊಂಡಿಲ್ಲ ಅನ್ನೋದು ಸಮರ್ಥನೆ. ತೆಗೆದು ಹಾಕೋ ಮಾತಲ್ಲ ಅದು. 2011ರಲ್ಲಿ ಆ ಗುಳಿಗೆ ಇದೇ ಕೆಲಸಕ್ಕೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿತು. ಬೆಳಗಾವಿಯ ತಾಯಂದಿರು ಕೊಟ್ಟ ಉತ್ತರ ಗುಳಿಗೆಯಾಗಿ ತಿರುಗಿ ಬಂತು. ರಾಜ್ಯದ 228 ಕೂಡ 2018–20ರ ಹೊತ್ತಿಗೆ 69ಕ್ಕೆ ಇಳಿದಿತ್ತು. 108 ಬಂತು, ಆಶಾ ಕಾರ್ಯಕರ್ತೆಯರು ಬಂದರು, ಕೊಪ್ಪಳಕ್ಕೆ ಮೆಡಿಕಲ್ ಕಾಲೇಜೂ ಬಂತು.

ಆದರೆ ಕೊಪ್ಪಳದ ಆ ಲೇಖನಗಳು? ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಎರಡು ಲೇಖನ ಓದೋಕೆ ಕಾಸು ಕೊಡಬೇಕಾಯ್ತು. ನಮ್ಮೂರಿನವರ ಸಾವಿನ ಕಥೆ ನಮ್ಮೂರಿನವನೇ ಡಾಲರ್ ಕೊಟ್ಟು ಓದಬೇಕು ಅಂದ್ರೆ ಏನು ಹೇಳೋದು! ಇದು ಬರೆದವರ ತಪ್ಪಲ್ಲ, ಪತ್ರಿಕೆಗಳ ವ್ಯಾಪಾರ ಹಾಗಿದೆ. ಕನ್ನಡದಲ್ಲಿ ಹೇಳಬೇಕಾದ ಕೆಲಸ ನಮ್ಮಂಥವರದು. ನಾವು ಆವತ್ತು ಬೇರೆ ಭಾಷಣದಲ್ಲಿದ್ದೆವು.

ಟಿವಿಯಲ್ಲಿ ಇಷ್ಟು ಹೇಳೋ ಹೊತ್ತಿಗೆ ಸಮಯ ಮುಗಿದಿತ್ತು. ಆಗ ಹೇಳದೇ ಉಳಿದದ್ದನ್ನ ಪುಸ್ತಕಕ್ಕೆ ಅಂತ ಇಲ್ಲಿ ಸೇರಿಸ್ತಿದ್ದೀನಿ.

ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆ ಯಲಬುರ್ಗಾದ ಆ ಮನೆಗೆ ಹೋಗಿದ್ದೆ. ಕ್ಯಾಮೆರಾ ಒಯ್ದಿರಲಿಲ್ಲ. ಸತ್ತ ಹೆಣ್ಣುಮಗಳ ಅತ್ತೆ ಕಟ್ಟೆ ಮೇಲೆ ಕೂತು ಹುಣಸೆಹಣ್ಣು ಬಿಡಿಸ್ತಿದ್ದರು. ನಾನು ಯಾರು, ಆವತ್ತು ಟಿವಿಯಲ್ಲಿ ಏನು ಮಾತಾಡಿದ್ದೆ ಅಂತ ಹೇಳಿದೆ. ತಪ್ಪಾಯ್ತು ಯವ್ವಾ ಅಂದೆ. ಅವರು ತಲೆ ಎತ್ತಲಿಲ್ಲ.

‘ನಮ್ಮನ್ಯಾಗ ಟಿವಿ ಇದ್ದಿದ್ದಿಲ್ಲಪಾ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆಕಿ ಸತ್ತ ಮ್ಯಾಲ ಭಾಳ ಮಂದಿ ಬಂದಿದ್ರು. ಏನಾತು, ಹೆಂಗಾತು ಅಂತ ಬರ್ಕೊಂಡ್ರು. ಬರ್ಕೊಂಡ್ ಹೋದವ್ರು ಒಬ್ರರ ಹೊಳ್ಳಿ ಬಂದು ಹಿಂಗಾಗಿತ್ತು ನೋಡವ್ವಾ ಅಂತ ಹೇಳಿಲ್ಲ.’

ಅವರ ಮನೆಗೆ ಬಂದವರು ಯಾವ ಕಚೇರಿಯವರೋ. ಆದರೆ ನನ್ನ ಬ್ಯಾಗಿನಲ್ಲಿ 2007ರ ಆ ಲೇಖನ ಇತ್ತು. ತೆಗೆದು, ನಮ್ಮ ಕಡೆ ಮಾತಿನಲ್ಲಿ ಒಂದೊಂದೇ ಗಂಟು ಹೇಳ್ತಾ ಹೋದೆ. ನರ್ಸಮ್ಮನ ಬಗ್ಗೆ ಹೇಳುವಾಗ ‘ಹೌದು, ಪಾಪ, ಆಕೀನೂ ಅತ್ತಳು’ ಅಂದರು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಚೀಟಿ ಬರೆದು ಕಳಿಸೋ ವಿಷಯ ಬಂದಾಗ ಕೈ ನಿಲ್ಲಿಸಿದರು. ಐದನೆಯದು ಮುಗಿಸಿದೆ.

‘ಇಷ್ಟ ಏನ್ ತಮ್ಮಾ?’

‘ಇಷ್ಟ ಯವ್ವಾ.’

‘ಗಾಡಿ ರೊಕ್ಕ ಬಿಟ್ಟಾರ ನೋಡು. ನಡುರಾತ್ರಿ ಟಂಟಂನವಾ ಎರಡು ಸಾವಿರ ಕೇಳಿದಾ. ಆಕಿ ಕಿವ್ಯಾಗಿನ ಬೆಂಡವಾಲಿ ಬಿಚ್ಚಿ ಕೊಟ್ವಿ. ಅದನ್ನೂ ಬರ್ಕೋ.’

ನಾನು ಪೆನ್ನು ತೆಗೆದೆ.